ಹಿರೇಬೆಣಕಲ್ ಗುಡ್ಡದಲ್ಲಿ ಒಂದು ದಿನ: ಒಂಬತ್ತನೆಯ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ತಂದೆ-ತಾಯಂದಿರಿಗೆ ಹಾಗೂ ಮನೆಯ ಹಿರಿಯರಿಗೆ ನಮಸ್ಕಾರಗಳು.

ಡಿಸೆಂಬರ್ ತಿಂಗಳ ಮೂರನೆಯ ಶನಿವಾರ ಒಂಬತ್ತನೆಯ ತರಗತಿಯ 44 ಮಕ್ಕಳನ್ನು ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡಕ್ಕೆ ಕರೆದೊಯ್ಯಲಿದ್ದೇವೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಸಿಕ್ಕಿದೆ. ಬಸ್ಸು ಬೆಳಿಗ್ಗೆ 6.30ಕ್ಕೆ ಶಾಲೆಯ ಅಂಗಳದಿಂದ ಹೊರಟು ಸಂಜೆ 5ರೊಳಗೆ ಅಲ್ಲಿಗೇ ಮರಳುತ್ತದೆ. ಪತ್ರ ಉದ್ದವಾಗಿದೆ, ಆದರೂ ಪೂರ್ತಿ ಓದಿ, ಆಮೇಲೆ ಒಪ್ಪಿಗೆ ಚೀಟಿಗೆ ಸಹಿ ಮಾಡಿ.

ಹಂಪಿ ಇಷ್ಟು ಹತ್ತಿರವಿರುವಾಗ ಈ ಕಲ್ಲುಗುಡ್ಡಕ್ಕೇಕೆ ಎಂದು ಕೆಲವರು ಕೇಳಿದ್ದೀರಿ. ಹಂಪಿಯನ್ನು ಮಕ್ಕಳು ಹೇಗಿದ್ದರೂ ನೋಡುತ್ತಾರೆ. ಹಿರೇಬೆಣಕಲ್ಲಿನ ಕಲ್ಲುಮನೆಗಳು ಹಂಪಿಗಿಂತ ಸಾವಿರದೈನೂರು ವರ್ಷಕ್ಕೂ ಹಳೆಯವು. ಬೃಹತ್ ಶಿಲಾಯುಗದ ಈ ಸಮಾಧಿಗಳು ಕ್ರಿ.ಪೂ. 800ರಿಂದ 200ರ ನಡುವಿನವು ಎಂಬುದು ಪುರಾತತ್ತ್ವಜ್ಞರ ಲೆಕ್ಕ. ಸುಮಾರು 400 ಸಮಾಧಿಗಳು ಒಂದೇ ಗುಡ್ಡಸಾಲಿನಲ್ಲಿವೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ನಾಲ್ಕನೆಯ ಕಡೆ ದುಂಡು ಕಿಂಡಿ ಕೊರೆದ ಚಪ್ಪಡಿ ಇಟ್ಟು, ಮೇಲೆ ಇನ್ನೊಂದನ್ನು ಹೊದಿಸಿದ ಮನೆಗಳು ಇವು. ಗಾರೆಯಿಲ್ಲ, ಸುಣ್ಣವಿಲ್ಲ, ಕಲ್ಲಿನ ಭಾರವೇ ಕಲ್ಲನ್ನು ಹಿಡಿದು ನಿಲ್ಲಿಸಿದೆ. ಊರಿನವರ ಬಾಯಲ್ಲಿ ಇವು ಮೋರ್ಯರೆಂಬ ಕುಳ್ಳರ ಮನೆಗಳು. 2021ರಲ್ಲಿ ಈ ತಾಣ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು. ನಮ್ಮದೇ ಜಿಲ್ಲೆಯ ಮಕ್ಕಳು ಇದನ್ನು ಪಠ್ಯದ ಒಂದು ಸಾಲಿನಲ್ಲಿ ಓದಿ ಬಿಡುವುದು ಸರಿಯಲ್ಲ ಎಂಬುದು ನಮ್ಮ ಖಚಿತ ನಿಲುವು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ನಾವು ಅಲ್ಲಿಗೆ ಹೋಗುವುದು ಊರಿನ ಅತಿಥಿಗಳಾಗಿ. ಗುಡ್ಡದ ದಾರಿ ತೋರಿಸುವವರು ಹಿರೇಬೆಣಕಲ್ಲಿನ ಮೂವರು ಯುವಕರು, ಊಟ ಮಾಡಿಕೊಡುವವರು ಅದೇ ಊರಿನ ಸ್ವಸಹಾಯ ಸಂಘದ ತಾಯಂದಿರು. ಬಸ್ಸಿನ ತುಂಬ ಬಂದು, ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ ತಿಂದು, ಪೊಟ್ಟಣಗಳನ್ನು ಅಲ್ಲೇ ಎಸೆದು ಹೋಗುವ ಪ್ರವಾಸದಿಂದ ಊರಿಗೆ ಕಸ ಬಿಟ್ಟರೆ ಏನೂ ಸಿಗುವುದಿಲ್ಲ. ತನಗೆ ಏನೂ ದಕ್ಕದ ಜಾಗವನ್ನು ಯಾವ ಊರಾದರೂ ಎಷ್ಟು ದಿನ ಕಾದೀತು? ಹಾಗಾಗಿ ಮಕ್ಕಳು ಕೊಡುವ ಹಣದ ಬಹುಪಾಲು ಆ ಊರಿಗೇ ಹೋಗುವಂತೆ ಲೆಕ್ಕ ಹಾಕಿದ್ದೇವೆ.

ಆ ಲೆಕ್ಕ ಇಷ್ಟು. ಒಬ್ಬ ವಿದ್ಯಾರ್ಥಿಗೆ 140 ರೂಪಾಯಿ, ಒಟ್ಟು 6,160. ಮಕ್ಕಳು, ನಾಲ್ವರು ಶಿಕ್ಷಕರು, ನಾಲ್ವರು ಪೋಷಕರು, ದಾರಿ ತೋರಿಸುವ ಮೂವರು, ಚಾಲಕರು ಸೇರಿ 56 ಊಟ. ಊಟಕ್ಕೆ 80ರಂತೆ 4,480. ದಾರಿ ತೋರಿಸುವವರಿಗೆ ತಲಾ 500ರಂತೆ 1,500. ಉಳಿಯುವ 180 ರೂಪಾಯಿ ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜುಗಳಿಗೆ. ಬಸ್ಸಿನ ಖರ್ಚನ್ನು ಶಾಲಾಭಿವೃದ್ಧಿ ಸಮಿತಿ ನೋಡಿಕೊಳ್ಳುತ್ತದೆ. 140 ರೂಪಾಯಿ ಹೊಂದಿಸುವುದು ಕಷ್ಟವಾದರೆ ತರಗತಿ ಶಿಕ್ಷಕರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಯಾರ ಮುಂದೆಯೂ ಆ ಮಾತು ಬರುವುದಿಲ್ಲ. ಹಣದ ಕಾರಣಕ್ಕೆ ಒಂದು ಮಗುವೂ ಉಳಿಯಬಾರದು.

ಊಟದ ಬಗ್ಗೆ ಹೆಚ್ಚು ಪ್ರಶ್ನೆಗಳು ಬಂದಿವೆ, ವಿವರವಾಗಿ ಬರೆಯುತ್ತೇನೆ. ಅಂದು ಹಾಲು, ಮೊಸರು, ಮಜ್ಜಿಗೆ, ತುಪ್ಪ, ಮೊಟ್ಟೆ ಯಾವುದೂ ಇರುವುದಿಲ್ಲ. ಕಾಳು, ಸೊಪ್ಪು, ಸಿರಿಧಾನ್ಯ, ಎಣ್ಣೆಕಾಳುಗಳ ಊಟ. ಬಿಸಿಲಲ್ಲಿ ಮಧ್ಯಾಹ್ನದವರೆಗೆ ಇಟ್ಟ ಮೊಸರನ್ನ, ಮಜ್ಜಿಗೆ ಹುಳಿಯೇರುತ್ತವೆ, ಗುಡ್ಡ ಇಳಿದು ಬಂದ ಹೊಟ್ಟೆಗೆ ಅದು ಒಗ್ಗುವುದಿಲ್ಲ. ಜೊತೆಗೆ ಯಾರ ಮನೆಯ ಪದ್ಧತಿ ಯಾವುದೇ ಇರಲಿ, ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯಿಂದ ಉಣ್ಣಬಹುದು. ಮನೆಯಲ್ಲಿ ಯಾರು ಏನು ಉಣ್ಣುತ್ತಾರೆ ಎಂಬುದರ ಮೇಲೆ ಇದು ತೀರ್ಪಲ್ಲ. ಹಳೆಯ ಕಾಲದವರು ಸಸ್ಯಾಹಾರಿಗಳಾಗಿದ್ದರು ಎಂದೂ ಮಕ್ಕಳಿಗೆ ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ನಮ್ಮ ಭಾಗದ ನವಶಿಲಾಯುಗದ ಜನ ದನ ಸಾಕಿದವರು, ಮಾಂಸ ತಿಂದವರು. ಅವರು ಬಿಟ್ಟುಹೋದ, ಬಳ್ಳಾರಿ ಸಮೀಪದ ಕುಡತಿನಿಯ ಬೂದಿಗುಡ್ಡ ಸುಟ್ಟ ಸಗಣಿಯ ರಾಶಿಯೇ.

ಅವರು ಬೆಳೆದದ್ದೇನು ಎಂಬುದಕ್ಕೂ ಗುರುತು ಸಿಕ್ಕಿದೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ಹುರುಳಿ, ಹೆಸರು, ಕೊರಲೆಯೆಂಬ ಸಿರಿಧಾನ್ಯದ ಕಾಳುಗಳು ದೊರೆತಿವೆ. ಹಿರೇಬೆಣಕಲ್ಲಿನ ಕಲ್ಲುಮನೆಗಳಿಗಿಂತಲೂ ಹಿಂದಿನ ಬೇಸಾಯ ಅದು. ಜೋಳ ಆಫ್ರಿಕಾದಿಂದ ಬಂದ ಬೆಳೆ. ಶೇಂಗಾ, ಮೆಣಸಿನಕಾಯಿ, ಟೊಮ್ಯಾಟೊ ಅಮೆರಿಕ ಖಂಡಗಳಿಂದ ಬಂದವು, ಕಡಲು ದಾಟಿ ಇಲ್ಲಿಗೆ ತಲುಪಿದ್ದು 1500ರ ನಂತರ. ಅಂದರೆ ನಮ್ಮ ಒಂದು ತಟ್ಟೆಯಲ್ಲಿ ಬೇರೆ ಬೇರೆ ಕಾಲಗಳು ಕೂತಿರುತ್ತವೆ. ಉಣ್ಣುವಾಗ ಯಾವುದು ಯಾವಾಗ ಬಂತು ಎಂದು ಮಕ್ಕಳೇ ಗುರುತು ಹಾಕಬೇಕು. ಅದೇ ಅಂದಿನ ಇತಿಹಾಸದ ಪಾಠ.

ಅಂದಿನ ಊಟ ಇದು: ಜೋಳದ ರೊಟ್ಟಿ, ಹುರುಳಿ ಕಟ್ಟಿನ ಸಾರು, ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ನವಣಕ್ಕಿ ಅನ್ನ, ಅಗಸಿ ಚಟ್ನಿಪುಡಿ, ಕೊನೆಗೆ ಎಳ್ಳು-ಬೆಲ್ಲದ ಉಂಡಿ. ಕೊರಲೆ ನಮ್ಮ ಕಡೆ ಬೇಕೆಂದಾಗ ಸಿಗುವುದಿಲ್ಲ, ಅದರ ಜಾಗದಲ್ಲಿ ನವಣೆ. ಶೇಂಗಾ ಹಿಂಡಿಯನ್ನು ಬೇರೆ ಡಬ್ಬಿಯಲ್ಲಿ, ಬೇರೆ ಚಮಚದೊಂದಿಗೆ ಇಡುತ್ತಾರೆ. ಶೇಂಗಾ ಅಥವಾ ಎಳ್ಳು ಒಗ್ಗದ ಮಗುವಿದ್ದರೆ, ತಿಂದರೆ ತುಟಿ ಊದುವುದು, ಮೈ ದದ್ದರಿಸುವುದು, ಉಸಿರು ಕಟ್ಟುವುದು ಆಗಿದ್ದರೆ, ಚೀಟಿಯಲ್ಲಿ ತಪ್ಪದೇ ಬರೆಯಿರಿ. ‘ಚೂರು ತಿಂದರೆ ಏನಾಗುತ್ತದೆ’ ಎಂದು ಬಿಡಬೇಡಿ.

ಅಡುಗೆಯವರ ಜೊತೆ ಕೂತು ಪ್ರಮಾಣ ಹಾಕಿದ್ದೇವೆ. ತಲೆಗೆ ಎರಡು ರೊಟ್ಟಿಯಂತೆ 112, ಮೂರನೆಯದು ಕೇಳುವವರಿಗೂ ಸೇರಿಸಿ 140. ಕಿಲೋ ಹಿಟ್ಟಿಗೆ 12ರಿಂದ 14 ರೊಟ್ಟಿ ಬರುವುದರಿಂದ 11 ಕಿಲೋ ಹಿಟ್ಟು ಬೇಕು. ಅರ್ಧದಷ್ಟು ಕಟಿರೊಟ್ಟಿ, ಅವನ್ನು ಎರಡು ದಿನ ಮೊದಲೇ ಬಡಿದು ಒಣಗಿಸಿಡುತ್ತಾರೆ. ಮೆತ್ತನೆಯ ರೊಟ್ಟಿಗಳನ್ನು ಅಂದೇ ಬೆಳಿಗ್ಗೆ ಮಾಡಿ, ಅರಿವೆ ಹಾಸಿದ ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ಆರಿಸಿ, ಆಮೇಲೆ ಒಟ್ಟುತ್ತಾರೆ. ಬಿಸಿ ರೊಟ್ಟಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದರೆ ಹಬೆ ಇಳಿದು ತಳದ ಹತ್ತಾರು ರೊಟ್ಟಿ ಮುದ್ದೆಯಾಗುತ್ತವೆ.

ಹುರುಳಿ ಎರಡೂವರೆ ಕಿಲೋ, ಹಿಂದಿನ ರಾತ್ರಿಯೇ ನೆನೆಹಾಕಬೇಕು. ಸವಳು ಬೋರಿನ ನೀರಿನಲ್ಲಿ ಕಾಳು ಎಷ್ಟು ಉರಿ ಹಾಕಿದರೂ ಗಟ್ಟಿಯಾಗೇ ಉಳಿಯುತ್ತದೆ, ನೀರಿನ ಸುಣ್ಣದಂಶ ಕಾಳಿನ ಸಿಪ್ಪೆಯನ್ನು ಬಿಗಿಯುತ್ತದೆ. ಆದ್ದರಿಂದ ನೆನೆಸಲು, ಬೇಯಿಸಲು ಎರಡಕ್ಕೂ ಶುದ್ಧ ನೀರಿನ ಘಟಕದ ಕ್ಯಾನು ತರಿಸುತ್ತೇವೆ. ಹುಣಸೆ ಬೀಳುವುದು ಕಾಳು ಬೆರಳಿನಲ್ಲಿ ಹಿಸುಕಿದರೆ ಪುಡಿಯಾದ ಮೇಲೆಯೇ. ಹುಳಿ ಮೊದಲೇ ಬಿದ್ದರೂ ಕಾಳು ಬೇಯುವುದಿಲ್ಲ. ಅದೇ ಕಾರಣಕ್ಕೆ ಪುಂಡಿಪಲ್ಯದ ತೊಗರಿಬೇಳೆ, ಜೋಳದ ನುಚ್ಚು ಬೇರೆಯಾಗಿ ಬೆಂದು ಆಮೇಲೆ ಸೊಪ್ಪಿಗೆ ಸೇರುತ್ತವೆ. ಪುಂಡಿಯ ಹುಳಿ ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ, ಸ್ಟೀಲ್ ಪಾತ್ರೆಯನ್ನು ಶಾಲೆಯಿಂದಲೇ ಒಯ್ಯುತ್ತೇವೆ. ಹೆಸರುಕಾಳಿಗೆ ಮೊಳಕೆ ಬರಿಸುವುದಿಲ್ಲ. ಹಸಿ ಮೊಳಕೆ ಸೆಕೆಯಲ್ಲಿ ಬೇಗ ಹಳಸುತ್ತದೆ. ನೆನೆಸಿ ಬೇಯಿಸಿದ ಕಾಳೇ ಸುರಕ್ಷಿತ. ನವಣಕ್ಕಿಯೂ ಎರಡೂವರೆ ಕಿಲೋ, ಒಂದಕ್ಕೆ ಎರಡಳತೆ ನೀರು. ಆರಿದರೆ ಅನ್ನ ಉದುರಿ ಗಟ್ಟಿಯಾಗುವುದರಿಂದ ಅದನ್ನು ಎಲ್ಲಕ್ಕಿಂತ ಕೊನೆಗೆ ಒಲೆಗೆ ಇಡುತ್ತಾರೆ.

ಪ್ರತಿ ಮಗು ಒಂದು ಸ್ಟೀಲ್ ತಟ್ಟೆ, ಒಂದು ಲೋಟ ತರಬೇಕು. ಕಾಗದದ, ಥರ್ಮಾಕೋಲಿನ ತಟ್ಟೆ ಬೇಡ. ಊಟವಾದ ಮೇಲೆ ತಟ್ಟೆ ತೊಳೆಯುವುದು, ಉಂಡ ಜಾಗ ಗುಡಿಸುವುದು ಮಕ್ಕಳ ಕೆಲಸ, ಹುಡುಗರಿಗೂ, ಹುಡುಗಿಯರಿಗೂ.

ಇನ್ನು ಗುಡ್ಡ. 7.30ಕ್ಕೆ ಊರು ತಲುಪಿ, ಅಲ್ಲಿನ ಶಾಲೆಯ ಶೌಚಾಲಯ ಬಳಸಿ, 8ಕ್ಕೆ ಹತ್ತಲು ಶುರು. ಮಕ್ಕಳ ನಡಿಗೆಗೆ ಒಂದು ತಾಸಿನ ಮೇಲೆ ಹಿಡಿಯುತ್ತದೆ. 11.15ಕ್ಕೆ ಯಾರು ಎಲ್ಲಿದ್ದರೂ ಇಳಿಯಲು ಹೊರಡಲೇಬೇಕು. ಡಿಸೆಂಬರಿನಲ್ಲೂ ಮಧ್ಯಾಹ್ನದ ಹೊತ್ತಿಗೆ ಬಂಡೆ ಕಾಯುತ್ತದೆ, ಕೆಳಗಿನಿಂದಲೂ ಮೇಲಿನಿಂದಲೂ ಝಳ ಹೊಡೆಯುತ್ತದೆ. ಮೇಲೆ ನಲ್ಲಿಯಿಲ್ಲ. ಮೇಲಿರುವ ಕೆರೆ ಹಿಂದೆ ಚಪ್ಪಡಿ ಎಬ್ಬಿಸಿದ ಕಲ್ಲುಗಣಿ, ಈಗ ಮಳೆನೀರು ನಿಂತಿದೆ. ನೋಡಲು ಚೆಂದ, ಕುಡಿಯಲು ಅಲ್ಲ, ಇಳಿಯಲೂ ಅಲ್ಲ. ಪ್ರತಿ ಮಗುವಿನ ಚೀಲದಲ್ಲಿ ಎರಡು ಲೀಟರ್ ನೀರು ಇರಲೇಬೇಕು. ಒಂದು ಲೀಟರ್ ಸಾಕು ಎಂದು ಕಳಿಸಿದರೆ ಅದು ಹತ್ತುವಾಗಲೇ ಮುಗಿಯುತ್ತದೆ.

ಮನೆಯಿಂದ ಹೊರಡುವ ಮುನ್ನ ಹೊಟ್ಟೆ ತುಂಬ ತಿನ್ನಿಸಿ. ಮೇಲೆ ತಿನ್ನಲು ಪುಠಾಣಿ-ಬೆಲ್ಲ, ಪೇರಲಹಣ್ಣು ಅಥವಾ ಸೌತೆಕಾಯಿ ಕಟ್ಟಿಕೊಡಿ. ನೀರು ಹಾಕಿ ಕಲೆಸಿದ ಮಂಡಕ್ಕಿ ಒಗ್ಗರಣೆ ಬೇಡ, ಮೂರು ತಾಸಿನಲ್ಲಿ ಅಂಟಾಗಿ ವಾಸನೆ ಬರುತ್ತದೆ. ಕುರುಕುಲು ಪೊಟ್ಟಣಗಳಂತೂ ಬೇಡವೇ ಬೇಡ: ಉಪ್ಪು ಬಾಯಾರಿಸುತ್ತದೆ, ಪೊಟ್ಟಣ ಗಾಳಿಗೆ ಹಾರಿ ಕಲ್ಲುಸಂದಿಗೆ ಸೇರುತ್ತದೆ.

ಕಾಲಿಗೆ ಬೂಟು, ಅಡಿಯಲ್ಲಿ ಗೆರೆ ಸವೆಯದಿರುವುದು. ಬಂಡೆಯ ಮೇಲಿನ ಗರಸಿನಲ್ಲಿ ಚಪ್ಪಲಿ ಜಾರುತ್ತದೆ, ಅದೂ ಇಳಿಯುವಾಗ. ಮೈತುಂಬ ಬಟ್ಟೆ, ತಲೆಗೆ ಟೋಪಿ ಅಥವಾ ಟವೆಲ್. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುವುದುಂಟು, ಆದ್ದರಿಂದ ಅಂದು ಸೆಂಟು, ಘಮಘಮ ಎಣ್ಣೆ, ಮಲ್ಲಿಗೆ ದಂಡೆ ಬೇಡ. ಮಕ್ಕಳು ಕಲ್ಲೆಸೆಯುವಂತಿಲ್ಲ, ಕೂಗುವಂತಿಲ್ಲ. ಕಲ್ಲುಮನೆಯ ಕಿಂಡಿಯೊಳಗೆ ಕೈ, ತಲೆ ತೂರಿಸಬಾರದು. ಒಳಗಿನ ತಂಪಿನಲ್ಲಿ ಚೇಳು, ಹಾವು ಇರಬಹುದು. ಚಿರತೆ, ಕರಡಿ ಓಡಾಡುವ ಸೀಮೆ ನಮ್ಮದು. ಹಗಲಲ್ಲಿ ಗುಂಪಾಗಿ ಹೋಗಿ ಗುಂಪಾಗಿ ಬರುತ್ತೇವೆ, ಒಬ್ಬರನ್ನೂ ಹಿಂದೆ ಬಿಡುವುದಿಲ್ಲ. ಪ್ರತಿ ಗುಂಪಿನ ಜೊತೆ ಒಬ್ಬ ಶಿಕ್ಷಕರು, ಒಬ್ಬ ಪೋಷಕರು.

ಕಲ್ಲುಮನೆಗಳ ಮೇಲೆ ಯಾರೂ ಹತ್ತುವಂತಿಲ್ಲ. ಮೇಲಿನ ಚಪ್ಪಡಿಯ ಭಾರವೆಲ್ಲ ಅಂಚಿನ ಮೇಲೆ ನಿಂತ ಪಕ್ಕದ ಕಲ್ಲುಗಳ ಮೇಲಿದೆ. ಒಂದು ವಾಲಿದರೆ ಮನೆ ಪೂರ್ತಿ ಕುಸಿಯುತ್ತದೆ, ಅದನ್ನು ಯಾರೂ ಮೊದಲಿನಂತೆ ನಿಲ್ಲಿಸಲಾರರು. ನಿಧಿಯ ಆಸೆಗೆ ಅಗೆದವರಿಂದ ಇಂಥ ಎಷ್ಟೋ ಸಮಾಧಿಗಳು ಈಗಾಗಲೇ ಹಾಳಾಗಿವೆ. ನಗಾರಿಯಂತಿರುವ ದೊಡ್ಡ ದುಂಡುಕಲ್ಲು ಎತ್ತರದ ಬಂಡೆಯ ಮೇಲಿದೆ. ಮರದ ಕೊಡತಿಯಿಂದ ಬಡಿದರೆ ಸದ್ದು ಒಂದು ಕಿಲೋಮೀಟರಿಗೂ ಆಚೆ ಕೇಳುತ್ತದೆನ್ನುತ್ತಾರೆ. ಅದನ್ನು ಮಕ್ಕಳು ಕೆಳಗಿನಿಂದಲೇ ನೋಡಬೇಕು. ಕೆಮ್ಮಣ್ಣಿನ ಬಣ್ಣದ ಬಂಡೆಚಿತ್ರಗಳನ್ನು ಮುಟ್ಟಬಾರದು. ಫೋಟೊ ಚೆನ್ನಾಗಿ ಬರಲೆಂದು ಕೆಲವರು ನೀರು ಎರಚುತ್ತಾರೆ. ಆ ನೀರು ಆರುವಾಗ ಕಲ್ಲೊಳಗಿನ ಉಪ್ಪನ್ನು ಹೊರಗೆಳೆದು ಚಿತ್ರದ ಮೇಲೆ ಬಿಳಿ ಪೊರೆ ಕಟ್ಟಿಸುತ್ತದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ದಯವಿಟ್ಟು ಇಷ್ಟನ್ನು ಮನೆಯಲ್ಲೂ ಒಮ್ಮೆ ಹೇಳಿ, ತಾಯಿ-ತಂದೆ ಹೇಳಿದ ಮಾತು ಬೇರೆ ತೂಕದ್ದು.

ಮೇಲೆ ಮಕ್ಕಳಿಗೆ ಒಂದು ಕೆಲಸವಿದೆ. ಬಿದ್ದಿರುವ ಒಂದು ಚಪ್ಪಡಿಯ ಉದ್ದ, ಅಗಲ, ದಪ್ಪ ಅಳೆದು ತೂಕ ಲೆಕ್ಕ ಹಾಕುವುದು. ಕಬ್ಬಿಣದ ಟೇಪು ಬೇಡ, ದರ್ಜಿಯ ಟೇಪು ಕಳಿಸಿ. ಎರಡು ಮೀಟರ್ ಉದ್ದ, ಒಂದೂವರೆ ಅಗಲ, 15 ಸೆಂಟಿಮೀಟರ್ ದಪ್ಪದ ಕಲ್ಲು 0.45 ಘನ ಮೀಟರ್ ಆಗುತ್ತದೆ. ಗ್ರಾನೈಟ್ ಘನ ಮೀಟರಿಗೆ ಸುಮಾರು 2.7 ಟನ್, ಅಂದರೆ ಒಂದೇ ಚಪ್ಪಡಿ 1,200 ಕಿಲೋ ದಾಟುತ್ತದೆ. ಯಂತ್ರವಿಲ್ಲದ ಕಾಲದಲ್ಲಿ ಇದನ್ನು ಎಷ್ಟು ಜನ, ಹೇಗೆ ಎತ್ತಿ ನಿಲ್ಲಿಸಿರಬಹುದು ಎಂಬ ಚರ್ಚೆ ಊಟದ ನಂತರ ಊರಿನ ಹಿರಿಯರ ಜೊತೆ. ಕಲ್ಲು ಒಡೆಯುವುದು, ಸಾಗಿಸುವುದು ಬಲ್ಲವರು ಅಲ್ಲಿದ್ದಾರೆ.

ಗುಡ್ಡ ಹತ್ತಲಾಗದ ಮಕ್ಕಳು ಮನೆಯಲ್ಲಿ ಉಳಿಯಬೇಕಿಲ್ಲ. ಅವರು ಒಬ್ಬ ಶಿಕ್ಷಕರ ಜೊತೆ ಊರಲ್ಲೇ ಇದ್ದು ಅಡುಗೆಯ ಪ್ರತಿ ಹಂತ, ಅಳತೆ, ಹೆಸರು ಬರೆದುಕೊಳ್ಳುತ್ತಾರೆ. ಆ ಬರಹವಿಲ್ಲದೆ ತರಗತಿಯ ವರದಿ ಪೂರ್ತಿಯಾಗದು. ಮುಟ್ಟಿನ ದಿನವೆಂದು ಮಗಳನ್ನು ಬಿಡಿಸಬೇಡಿ. ಪ್ಯಾಡು, ಬಟ್ಟೆ, ಮಾತ್ರೆ ಶಿಕ್ಷಕಿಯರ ಬಳಿ ಇರುತ್ತವೆ, ಆ ದಿನ ಗುಡ್ಡ ಹತ್ತುವುದೂ ಬಿಡುವುದೂ ಅವಳ ಇಷ್ಟ. ಉಬ್ಬಸವಿರುವ ಮಗು ಇನ್‌ಹೇಲರನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಬಸ್ಸಿನ ಚೀಲದಲ್ಲಿ ಅಲ್ಲ.

ಜೊತೆಗೆ ಬರಲು ನಾಲ್ವರು ಪೋಷಕರು ಬೇಕು, ಇಬ್ಬರಾದರೂ ತಾಯಂದಿರಾಗಿರಲಿ. ಒಂದು ತಾಸು ಗುಡ್ಡ ಹತ್ತುವ ಶಕ್ತಿ ಇರಬೇಕು, ಬೀಡಿ-ಗುಟ್ಕಾ ತರಬಾರದು. ಬೆಂಕಿಯ ಕಿಡಿಗೆ ಒಣಹುಲ್ಲು ಹತ್ತಿಕೊಳ್ಳುತ್ತದೆ, ಹೊಗೆಗೆ ಹೆಜ್ಜೇನು ಏಳುತ್ತದೆ. ಹೆಸರು ಕೊಡುವವರು ಈ ಬುಧವಾರ ಸಂಜೆ 4.30ಕ್ಕೆ ಶಾಲೆಗೆ ಬನ್ನಿ.

ಒಪ್ಪಿಗೆ ಚೀಟಿ ಮತ್ತು ಹಣ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಲಿ. ಚೀಟಿಯ ಹಿಂಬದಿಯಲ್ಲಿ ಮಗುವಿನ ರಕ್ತದ ಗುಂಪು, ಒಗ್ಗದ ಆಹಾರ, ತೆಗೆದುಕೊಳ್ಳುತ್ತಿರುವ ಔಷಧಿ, ಅಂದು ದಿನವಿಡೀ ಸಿಗುವ ಒಂದು ಫೋನ್ ನಂಬರು ಬರೆಯಿರಿ. ಹಿಂದಿನ ದಿನ ಮಳೆಯಾದರೆ ಬಂಡೆ ಜಾರುವುದರಿಂದ ಪ್ರವಾಸವನ್ನು ಮುಂದಿನ ಶನಿವಾರಕ್ಕೆ ಹಾಕುತ್ತೇವೆ. ಅದನ್ನು ಶುಕ್ರವಾರ ಸಂಜೆ 6ರೊಳಗೆ ಎಲ್ಲರಿಗೂ ಫೋನ್ ಮಾಡಿ ತಿಳಿಸುತ್ತೇವೆ.

ಇಂತಿ,
ಮುಖ್ಯೋಪಾಧ್ಯಾಯರು
ಪ್ರೌಢಶಾಲೆ, ಕೊಪ್ಪಳ