ಇಟಲಿ ಹೇಗಿತ್ತು ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ನೀನು ಇಟಲಿ ಹೇಗಿತ್ತು ಅಂತ ಕೇಳಿದಾಗ "ಚೆನ್ನಾಗಿತ್ತು ಕಣೋ" ಅಂದೆ, ಅಷ್ಟರಲ್ಲಿ ನಿನ್ನ ಶಾಲೆಯ ಬೆಲ್ ಹೊಡೆಯಿತು. ಹೇಳುವುದು ಬಹಳ ಉಳಿದುಹೋಯಿತು. ಖುಷಿ ಆದ ಕಡೆಯೇ ಬೇಜಾರೂ ಆಗಿದೆ, ಎರಡನ್ನೂ ಬಿಡಿಸಿ ಹೇಳಬೇಕು ಅನ್ನಿಸಿತು. ಅದಕ್ಕೇ ಪತ್ರ.

ಮೊದಲು ವೆನಿಸ್. ಮ್ಯೂನಿಕ್‌ನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಎದ್ದಾಗ ರೈಲು ಸಮುದ್ರದ ನೀರಿನ ಮೇಲಿನ ಸೇತುವೆಯಲ್ಲಿ ಹೋಗುತ್ತಿರುತ್ತದೆ. ಸ್ಟೇಷನ್ ಮೆಟ್ಟಿಲು ಇಳಿದ ಕೂಡಲೇ ಎದುರಿಗೇ ದೊಡ್ಡ ಕಾಲುವೆ. ಕಾರಿಲ್ಲ, ಬಸ್ಸಿಲ್ಲ. ತರಕಾರಿ ಬರುವುದು ದೋಣಿಯಲ್ಲಿ, ಕಸ ಹೋಗುವುದು ದೋಣಿಯಲ್ಲಿ, ಆಂಬುಲೆನ್ಸ್ ಕೂಡ ದೋಣಿಯೇ. 1420ರ ಸುಮಾರಿಗೆ ನಮ್ಮ ವಿಜಯನಗರ ನೋಡಿ ಹೋದ ನಿಕೊಲೊ ಕಾಂಟಿ ಇದೇ ವೆನಿಸ್‌ನ ವ್ಯಾಪಾರಿ ಅಂತ ನೀನೇ ಒಮ್ಮೆ ಹೇಳಿದ್ದೆ. ಬೆಳಗಿನ ಹೊತ್ತು ಆ ಗಲ್ಲಿಗಳಲ್ಲಿ ನಡೆಯುವಾಗ, ಇಲ್ಲಿಂದ ಹೊರಟ ಒಬ್ಬ ಮನುಷ್ಯ ತುಂಗಭದ್ರೆಯ ದಡಕ್ಕೆ ಬಂದಿದ್ದ ಅಂತ ನೆನೆದು ಮೈ ಜುಮ್ಮೆಂದಿತು.

ಹತ್ತು ಗಂಟೆ ಆಗಲಿ, ಊರೇ ಬೇರೆ. ರಿಯಾಲ್ಟೊ ಸೇತುವೆ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಎಲ್ಲಿ ನೋಡಿದರೂ ಒಂದೇ ತರಹದ ಮುಖವಾಡ, ಒಂದೇ ತರಹದ ಮ್ಯಾಗ್ನೆಟ್ ಮಾರುವ ಅಂಗಡಿ. ಒಂದು ಕೇಜಿ ಟೊಮೆಟೊ ಕೊಳ್ಳಲು ಅರ್ಧ ಊರು ಸುತ್ತಬೇಕು. ನಾನು ಬಾಡಿಗೆಗೆ ಹಿಡಿದಿದ್ದ ರೂಮಿನ ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರಿಗೂ ಸ್ವಲ್ಪ ಜರ್ಮನ್ ಬರುತ್ತಿತ್ತು, ನನಗೂ ಅಷ್ಟೇ. ಇಡೀ ಕಟ್ಟಡದಲ್ಲಿ ವರ್ಷವಿಡೀ ಇರುವವರು ತಾನೊಬ್ಬಳೇ, ಉಳಿದ ಮನೆಗಳೆಲ್ಲ ನಿಮ್ಮಂಥವರಿಗೆ ಬಾಡಿಗೆಗೆ ಹೋಗಿವೆ ಅಂದರು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರು. ಆಮೇಲೆ ಓದಿ ನೋಡಿದೆ. 1951ರಲ್ಲಿ ಆ ಹಳೇ ಊರಿನಲ್ಲಿ ಸುಮಾರು 1,75,000 ಜನ ಇದ್ದರು. 2022ರ ಹೊತ್ತಿಗೆ ಅದು 50,000ಕ್ಕಿಂತ ಕೆಳಗೆ ಇಳಿಯಿತು. ರಿಯಾಲ್ಟೊ ಹತ್ತಿರದ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ ಅಂತ ತೋರಿಸುವ ಬೋರ್ಡೇ ಇದೆ. 2024ರಿಂದ ಕೆಲವು ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತಿದ್ದಾರೆ. ದುಡ್ಡು ಕೊಟ್ಟರೆ ಜನ ಕಡಿಮೆ ಆಗುತ್ತಾರಾ ಅಂತ ನನಗಂತೂ ಅನುಮಾನ. ಮನೆ ಬಾಡಿಗೆ ಇಳಿಯದೆ ಬಿಟ್ಟುಹೋದವರು ವಾಪಸ್ ಬರುವುದಿಲ್ಲ.

ಆಗ ನನಗೆ ನೆನಪಾದದ್ದು ಹಂಪಿ. 2011ರಲ್ಲಿ ವಿರೂಪಾಕ್ಷ ಬೀದಿಯ ಮನೆ, ಅಂಗಡಿ, ಖಾನಾವಳಿಗಳನ್ನೆಲ್ಲ ಒಡೆದು ಹಾಕಿದರಲ್ಲ. ನಾವಿಬ್ಬರೂ ಅದಕ್ಕೆ ಮೊದಲು ಅಲ್ಲಿ ಚಹಾ ಕುಡಿದವರು. ಸ್ಮಾರಕ ಉಳಿಸಬೇಕು ನಿಜ. ಆದರೆ ಆ ಬೀದಿಯ ಹಳೇ ಕಲ್ಲುಮಂಟಪಗಳಲ್ಲಿ ಸಂಜೆ ದೀಪ ಹಚ್ಚುತ್ತಿದ್ದ ಮನೆಗಳೂ ಹಂಪಿಯೇ ಆಗಿದ್ದವು ಅಂತ ನಾನು ಆಗಲೂ ಅಂದಿದ್ದೆ, ಈಗಲೂ ಅನ್ನುತ್ತೇನೆ. ವೆನಿಸ್‌ನಲ್ಲಿ ಯಾರೂ ಬುಲ್ಡೋಜರ್ ತರಲಿಲ್ಲ. ಬಾಡಿಗೆಯೇ ಆ ಕೆಲಸ ಮಾಡಿತು.

ಫ್ಲಾರೆನ್ಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದರ ಚಿತ್ರ, ಶಿಲ್ಪಗಳ ಬಗ್ಗೆ ಬರೆದವರು ಸಾವಿರ ಜನ. ಬ್ರುನೆಲೆಸ್ಕಿ ಅನ್ನುವವನು ಕಟ್ಟಿದ, ಊರಿನ ದೊಡ್ಡ ಚರ್ಚಿನ ಗುಮ್ಮಟ ಹತ್ತಿದೆ. 463 ಮೆಟ್ಟಿಲು. ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಬೆನ್ನು ಬಗ್ಗಿಸಿಕೊಂಡು ಹತ್ತುವಾಗ ಇಟ್ಟಿಗೆ ಜೋಡಿಸಿದ ರೀತಿಯನ್ನು ಕೈಯಿಂದ ಮುಟ್ಟಿ ನೋಡಬಹುದು. ಕೆಳಗಿನಿಂದ ಮರದ ಆಸರೆ ಕೊಡದೆ 1420ರಿಂದ 1436ರವರೆಗೆ ಕಟ್ಟಿದ ಗುಮ್ಮಟ ಅದು. ಊರೊಳಗೆ ಅಲ್ಲಲ್ಲಿ ಗೋಡೆಗಳ ಮೇಲೆ 1966ರ ನವೆಂಬರ್ 4ರಂದು ಆರ್ನೊ ನದಿಯ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗುರುತು ಹಾಕಿದ್ದಾರೆ. ಕೆಲವು ನನ್ನ ತಲೆಗಿಂತ ಎಷ್ಟೋ ಮೇಲಿದ್ದವು.

ಆದರೆ ನಿನಗೆ ಹೇಳಲೇಬೇಕಾದ ಜಾಗ ಬೇರೆ ಇದೆ. ಊರ ಪಶ್ಚಿಮಕ್ಕೆ ಕಶೀನೆ ಅನ್ನುವ ದೊಡ್ಡ ಪಾರ್ಕ್ ಇದೆ, ಅದರ ತುದಿಯಲ್ಲಿ ಆರ್ನೊಗೆ ಇನ್ನೊಂದು ಚಿಕ್ಕ ಹೊಳೆ ಸೇರುತ್ತದೆ. ಅಲ್ಲಿ ಒಂದು ಛತ್ರಿ, ಅಂದರೆ ಗುಮ್ಮಟ ಇರುವ ಚಿಕ್ಕ ಮಂಟಪ, ಒಳಗೆ ಪೇಟ ಸುತ್ತಿದ ಒಬ್ಬ ಹುಡುಗನ ಮೂರ್ತಿ. ಕೊಲ್ಹಾಪುರದ ಮಹಾರಾಜ ರಾಜಾರಾಮ. ಇಂಗ್ಲೆಂಡಿನಿಂದ ಊರಿಗೆ ಮರಳುವಾಗ 1870ರ ನವೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ತೀರಿಕೊಂಡ, ಆಗ ಅವನಿಗೆ 20 ವರ್ಷ. ಎರಡು ನೀರು ಸೇರುವ ಜಾಗ ಹುಡುಕಿ ಅಲ್ಲೇ ದಹನ ಮಾಡಿದರು. ಪಕ್ಕದ ಸೇತುವೆಗೆ ಇವತ್ತಿಗೂ ಇಂಡಿಯನ್ನನ ಸೇತುವೆ ಅಂತಲೇ ಹೆಸರು. ಅಲ್ಲಿ ಟಿಕೆಟ್ ಇಲ್ಲ, ಸಾಲಿಲ್ಲ. ಸೈಕಲ್ ಹೊಡೆಯುವವರು, ನಾಯಿ ಅಡ್ಡಾಡಿಸುವವರು, ಅಷ್ಟೇ. ನಿಪ್ಪಾಣಿ ದಾಟಿದರೆ ಸಿಗುವ ಊರಿನ ಹುಡುಗ ಅಷ್ಟು ದೂರ ಬೂದಿಯಾದನಲ್ಲ ಅಂತ ಸಂಕಟ ಆಯಿತು. ಜೊತೆಗೆ, ಯಾರದೋ ಧರ್ಮಕ್ಕೆ ಮರ್ಯಾದೆ ಕೊಟ್ಟು ಜಾಗ ಕೊಟ್ಟ ಆ ಊರಿನ ಮೇಲೆ ಪ್ರೀತಿಯೂ ಹುಟ್ಟಿತು.

ಸಿಯೆನಾ ನನಗೆ ಎಲ್ಲಕ್ಕಿಂತ ಇಷ್ಟ ಆದ ಊರು. ಊರ ನಡುವಿನ ಕಾಂಪೊ ಚೌಕ ಮೊರದ ಹಾಗೆ ಒಂದು ಕಡೆ ಅಗಲ, ಒಂದು ಕಡೆಗೆ ಇಳಿಜಾರು. ಅದರ ಇಟ್ಟಿಗೆ ಹಾಸಿನ ಮೇಲೆ ಜನ ಸುಮ್ನೆ ಕೂತಿರುತ್ತಾರೆ, ಮಲಗಿರುತ್ತಾರೆ, ಯಾರೂ ಎಬ್ಬಿಸುವುದಿಲ್ಲ. ಊರಿನಲ್ಲಿ 17 ಕೇರಿಗಳಿವೆ, ಕಾಂತ್ರಾದೆ ಅನ್ನುತ್ತಾರೆ. ಆಮೆ, ಬಸವನಹುಳು, ಹೆಬ್ಬಾತು, ಹೀಗೆ ಒಂದೊಂದಕ್ಕೂ ಒಂದು ಲಾಂಛನ, ಬಾವುಟ, ಸ್ವಂತ ಗುಡಿ. ಜುಲೈ 2 ಮತ್ತು ಆಗಸ್ಟ್ 16ಕ್ಕೆ ಇದೇ ಚೌಕದಲ್ಲಿ ಕೇರಿ ಕೇರಿಗಳ ನಡುವೆ ಕುದುರೆ ಓಟ, ಅದೇ ಪಾಲಿಯೊ. ನಾನು ಹೋದಾಗ ಓಟ ಇರಲಿಲ್ಲ, ಆದರೆ ಒಂದು ಕೇರಿಯ ಮಕ್ಕಳು ಬೀದಿಯಲ್ಲಿ ಡೋಲು ಹೊಡೆಯುವುದನ್ನು ಕಲಿಯುತ್ತಿದ್ದರು. ದೊಡ್ಡವರು ಪಕ್ಕದಲ್ಲಿ ನಿಂತು ತಾಳ ತಪ್ಪಿದರೆ ತಿದ್ದುತ್ತಿದ್ದರು. ವೆನಿಸ್‌ನಲ್ಲಿ ನಾನು ಹುಡುಕಿದ್ದು ಇದನ್ನೇ.

ಆ ಊರಿಗೂ ಒಂದು ದೊಡ್ಡ ನೋವಿದೆ. 1339ರಲ್ಲಿ ಇದ್ದ ಚರ್ಚನ್ನೇ ಸುಮಾರು ಎರಡು ಪಟ್ಟು ದೊಡ್ಡದು ಮಾಡಲು ಹೊರಟಿದ್ದರು. ಫ್ಲಾರೆನ್ಸ್‌ನವರ ಚರ್ಚಿಗಿಂತ ದೊಡ್ಡದಾಗಬೇಕು ಅಂತ ಹಟ. 1348ರಲ್ಲಿ ಪ್ಲೇಗ್ ಬಂತು, ಊರಿನ ಅರ್ಧಕ್ಕರ್ಧ ಜನ ಹೋದರು ಅಂತ ಅಂದಾಜು. ಕೆಲಸ ನಿಂತಿತು, ಮತ್ತೆ ಮುಗಿಯಲೇ ಇಲ್ಲ. ಛಾವಣಿಯೇ ಇಲ್ಲದ ಆ ದೊಡ್ಡ ಗೋಡೆ ಹಾಗೇ ನಿಂತಿದೆ, ಮೇಲೆ ಹತ್ತಲೂ ಬಿಡುತ್ತಾರೆ. ಚೌಕದ ಪಕ್ಕದ ಅರಮನೆಯಲ್ಲಿ ಪ್ಲೇಗಿಗೆ ಹತ್ತು ವರ್ಷ ಮೊದಲು ಆಂಬ್ರೋಜಿಯೊ ಲೊರೆಂಜೆಟ್ಟಿ ಬಿಡಿಸಿದ ಭಿತ್ತಿಚಿತ್ರಗಳಿವೆ. ಒಂದು ಗೋಡೆಯಲ್ಲಿ ಒಳ್ಳೆಯ ಆಡಳಿತ ಇರುವ ಊರು. ಮನೆ ಕಟ್ಟುವವರು, ಚಪ್ಪಲಿ ಹೊಲಿಯುವವನು, ಪಾಠ ಹೇಳುವ ಮೇಷ್ಟ್ರು, ಸಂತೆಗೆ ಸಾಮಾನು ತರುವ ರೈತರು, ಬೀದಿಯಲ್ಲಿ ಕುಣಿಯುವವರು. ಎದುರಿನ ಗೋಡೆಯಲ್ಲಿ ಕೆಟ್ಟ ಆಡಳಿತದ ಊರು, ಸುಟ್ಟ ಹಳ್ಳಿ, ಬರೀ ಸಿಪಾಯಿಗಳು. ಊರನ್ನು ಆಳುವವರು ಕೂತು ತೀರ್ಮಾನ ಮಾಡುವ ಕೋಣೆಯಲ್ಲೇ ಇದನ್ನು ಬರೆಸಿದ್ದರು, ತಲೆ ಎತ್ತಿದರೆ ಕಾಣಲಿ ಅಂತ. ನಾನು ಅಲ್ಲಿ ಬಹಳ ಹೊತ್ತು ನಿಂತೆ.

ಇನ್ನು ರೋಮ್. ಬಂದ ದಿನವೇ ತುಂಬಿದ ಬಸ್ಸಿನಲ್ಲಿ ಪರ್ಸ್ ಹೋಯಿತು. ಕಂಪ್ಲೇಂಟ್ ಕೊಟ್ಟು, ಕಾರ್ಡ್ ಬ್ಲಾಕ್ ಮಾಡಿಸಿ ಬರುವಷ್ಟರಲ್ಲಿ ಅರ್ಧ ದಿನ ಹೋಯಿತು, ಮನಸ್ಸು ಕೆಟ್ಟುಹೋಯಿತು. ಆದರೆ ಮರುದಿನ ನಾನು ಹೋದ ಜಾಗದಿಂದ ಅದೆಲ್ಲ ಮರೆತುಹೋಯಿತು. ಕ್ಯಾಪಿಟೊಲಿನ್ ಗುಡ್ಡದ ಮೇಲೆ ಅರಾಚೇಲಿ ಅನ್ನುವ ಚರ್ಚ್ ಇದೆ. 120ಕ್ಕೂ ಜಾಸ್ತಿ ಮೆಟ್ಟಿಲು. 1348ರ ಅದೇ ಪ್ಲೇಗಿನ ಹರಕೆಯಾಗಿ ಕಟ್ಟಿಸಿದ್ದು ಅವು. ಸಿಯೆನಾದಲ್ಲಿ ಕಟ್ಟಡ ನಿಲ್ಲಿಸಿದ ರೋಗ ಇಲ್ಲಿ ಮೆಟ್ಟಿಲು ಕಟ್ಟಿಸಿತು ನೋಡು.

ಆ ಚರ್ಚಿನಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ರೋಮಿನ ಪ್ರವಾಸಿಯ ಸಮಾಧಿ ಇದೆ. 1623ರಲ್ಲಿ ನಿಮ್ಮ ಇಕ್ಕೇರಿಗೆ, ಕೆಳದಿಯ ಅರಸ ವೆಂಕಟಪ್ಪ ನಾಯಕನ ಕಾಲದಲ್ಲಿ ಬಂದವನು. ಹೊನ್ನಾವರದಿಂದ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಬಂದ. ಅವನು ಕಂಡದ್ದನ್ನೆಲ್ಲ ನೇಪಲ್ಸ್‌ನಲ್ಲಿದ್ದ ಮಾರಿಯೊ ಸ್ಕಿಪಾನೊ ಅನ್ನುವ ಗೆಳೆಯನಿಗೆ ಪತ್ರ ಬರೆದು ತಿಳಿಸುತ್ತಿದ್ದ. ಇಕ್ಕೇರಿ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಎಷ್ಟೋ ವಿಷಯ ಬಂದಿರುವುದು ಆ ಪತ್ರಗಳಿಂದ. ಬಾಗ್ದಾದಿನಲ್ಲಿ ಮಾನಿ ಅನ್ನುವ ಹುಡುಗಿಯನ್ನು ಮದುವೆಯಾಗಿದ್ದ. ಪರ್ಷಿಯಾದ ಕರಾವಳಿಯಲ್ಲಿ ಜ್ವರ ಬಂದು ಆಕೆ ಸತ್ತಳು. ಅವಳನ್ನು ಅಲ್ಲಿ ಮಣ್ಣು ಮಾಡಲು ಮನಸ್ಸಾಗದೆ, ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟುಕೊಂಡು ಭಾರತಕ್ಕೂ ಬಂದ. ಕೊನೆಗೆ ರೋಮಿಗೆ ಒಯ್ದು 1627ರಲ್ಲಿ ಅರಾಚೇಲಿಯಲ್ಲಿ ತನ್ನ ಮನೆತನದ ಜಾಗದಲ್ಲಿ ಸಮಾಧಿ ಮಾಡಿದ. 1652ರಲ್ಲಿ ಅವನು ಸತ್ತಾಗ ಅವನನ್ನೂ ಅಲ್ಲೇ ಮಣ್ಣು ಮಾಡಿದರು. ಅಂಥ ಮನುಷ್ಯ ಇಕ್ಕೇರಿಯಲ್ಲಿ ಸಹಗಮನಕ್ಕೆ ಹೊರಟ ಒಬ್ಬ ಹೆಂಗಸನ್ನು ಕಂಡು ಮಾತಾಡಿ, ಬೇಡ ಅಂತ ಹೇಳಲು ನೋಡಿದ್ದ. ಅಘೋರೇಶ್ವರನ ಗುಡಿ ಮುಂದೆ ನಾವು ಕ್ರಿಕೆಟ್ ಆಡುವಾಗ ಇದೆಲ್ಲ ನಮಗೆಲ್ಲಿ ಗೊತ್ತಿತ್ತು! ಆ ಸಮಾಧಿಯ ಹತ್ತಿರ ಬೇರೆ ಯಾರೂ ನಿಲ್ಲಲಿಲ್ಲ. ಕೆಳಗೆ ರಸ್ತೆಯಲ್ಲಿ ಮಾತ್ರ ಸಾವಿರಾರು ಜನ.

ಊಟದ ವಿಷಯ ಚಿಂತೆ ಮಾಡಬೇಡ, ಟೊಮೆಟೊ ಪಾಸ್ತಾ ಎಲ್ಲ ಕಡೆ ಸಿಗುತ್ತದೆ. ಕಾಫಿ ನಿಂತು ಕುಡಿದರೆ ಒಂದು ಬೆಲೆ, ಕೂತರೆ ಜಾಸ್ತಿ. ಬೇಸಿಗೆಯಲ್ಲಿ ಮಾತ್ರ ಹೋಗಬೇಡ, ನವೆಂಬರ್ ಒಳ್ಳೆಯದು. ಒಂದೇ ವಾರದಲ್ಲಿ ಐದು ಊರು ಅಂತ ಓಡಬೇಡ. ಸಿಯೆನಾದಲ್ಲಿ ನಾಲ್ಕು ದಿನ ಇರು. ವೆನಿಸ್‌ಗೆ ಹೋದರೆ ರಾತ್ರಿ ಉಳಿದುಕೋ, ಅಲ್ಲಿಯವರೇ ನಡೆಸುವ ಹೋಟೆಲ್ ನೋಡಿಕೋ.

ಹಾಂ, ಒಂದು ಕೆಲಸ ಇದೆ ನಿನಗೆ. ದೆಲ್ಲಾ ವಾಲ್ಲೆ ಘಟ್ಟದ ಒಂದು ಗುಡಿಯ ಜಗಲಿಯಲ್ಲಿ, ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಾ ಹಾಡಿಕೊಂಡು ಲೆಕ್ಕ ಕಲಿಯುವುದನ್ನು ನೋಡಿ ಬೆರಗಾಗಿ ಬರೆದಿದ್ದಾನೆ. ಆ ಗುಡಿ ಯಾವುದಿರಬಹುದು ಅಂತ ನಿಮ್ಮ ಕಡೆಯ ಹಿರಿಯರನ್ನು ಕೇಳಿ ನೋಡು. ಗೊತ್ತಾದರೆ ನಿನ್ನ ಶಾಲೆಯ ಮಕ್ಕಳನ್ನೇ ಕರೆದುಕೊಂಡು ಹೋಗಬಹುದು. ಪಾಸ್‌ಪೋರ್ಟ್ ಏನಾಯಿತು, ಅದನ್ನೂ ಬರಿ.

ನಿನ್ನ ಗೆಳೆಯ