ಭಾನುವಾರಕ್ಕೆ ಬೀಗ: ಗೆಳೆಯನಿಗೊಂದು ಪತ್ರ

ಆಲ್ದೂರಿನ ಹತ್ತಿರದ ತೋಟದಿಂದ,
ಜನವರಿ 25, 2022

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. "ಪೂಜೆ ಮೊಬೈಲಲ್ಲೇ ಬರುತ್ತಲ್ಲ ಮಾರಾಯ, ಚರ್ಚು ಮುಚ್ಚಿದರೆ ನಿಮಗೇನು ಕಷ್ಟ?" ಅಂತ ಕೇಳಿದ್ದೀಯ. ಬೇರೆಯವರು ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನೀನು ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂತು ನನಗಿಂತ ಚೆನ್ನಾಗಿ ಕ್ರಿಸ್‌ಮಸ್ ಹಾಡು ಹೇಳುತ್ತಿದ್ದವನು. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದು.

ಈ ಸಲದ್ದು 2020ರ ಕೊರೊನಾ ಲಾಕ್‌ಡೌನ್ ಥರ ಅಲ್ಲ. ಆಗ ಮಾರ್ಚ್ ಕೊನೆಯಿಂದ ಜೂನ್ 8ರ ತನಕ ಯಾವ ದೇವರ ಬಾಗಿಲೂ ತೆಗೆಯಲಿಲ್ಲ. ಗರಿಗಳ ಭಾನುವಾರ, ಶುಭ ಶುಕ್ರವಾರ, ಪಾಸ್ಕ (ಈಸ್ಟರ್) ಎಲ್ಲಾ ಮನೆಯೊಳಗೇ ಕಳೆದವು. ನಿಮ್ಮ ಯುಗಾದಿಯೂ ಹಾಗೇ ಆಯಿತು, ಪಕ್ಕದ ಸಾಬರ ರಂಜಾನೂ ಹಾಗೇ ಆಯಿತು. ಎಲ್ಲರಿಗೂ ಒಂದೇ ಅನ್ನುವ ಸಮಾಧಾನವಿತ್ತು. ಈ ಜನವರಿಯಲ್ಲಿ ಬಂದದ್ದು ವಾರಾಂತ್ಯದ ಕರ್ಫ್ಯೂ. ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಗ್ಗೆ 5ರ ತನಕ ಓಡಾಟವಿಲ್ಲ. ಉಳಿದ ದಿನ ಪೂಜಾಸ್ಥಳದೊಳಗೆ ಒಂದು ಸಲಕ್ಕೆ 50 ಜನ, ಅದೂ ಎರಡು ಡೋಸ್ ಲಸಿಕೆ ಆದವರು ಮಾತ್ರ. ಇದನ್ನು ನಮ್ಮನ್ನು ನೋಡಿಕೊಂಡು ಮಾಡಿದ್ದಲ್ಲ, ಗೊತ್ತು. ಶನಿವಾರ ಭಾನುವಾರ ಮುಳ್ಳಯ್ಯನಗಿರಿ ಕಡೆ ಹತ್ತುವ ಕಾರುಗಳ ಸಾಲು ನೋಡಿದರೆ ಯಾರಿಗಾದರೂ ಬೀಗ ಹಾಕಬೇಕು ಅನ್ನಿಸುತ್ತದೆ. ಆದರೆ ಲೆಕ್ಕ ಹಾಕು. ನಿಮಗೆ ಸೋಮವಾರ ಈಶ್ವರನಿದ್ದಾನೆ, ಶುಕ್ರವಾರ ದೇವಿಯಿದ್ದಾಳೆ, ನಡುವೆ ಸಂಕಷ್ಟಿ ಬರುತ್ತದೆ. ಮಸೀದಿಗೆ ಶುಕ್ರವಾರದ ಮಧ್ಯಾಹ್ನ ಉಳಿಯಿತು. ನಮಗಿರುವುದು ಒಂದು ಭಾನುವಾರ. ಹಿಂದಿನ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಲೆಕ್ಕಕ್ಕೆ ಬರುತ್ತದೆ, ಆದರೆ ಆ ಶನಿವಾರ ಸಂಜೆಯೂ ಕರ್ಫ್ಯೂ ಒಳಗೇ ಬಿತ್ತು. ಹೀಗೆ ಜನವರಿ 9 ಹೋಯಿತು, 16 ಹೋಯಿತು.

ನಿಯಮದ ಪ್ರಕಾರ ನೋಡಿದರೆ ನಿನ್ನ ಮಾತೇ ಸರಿ. ಗುರುಗಳು ಬಾಗಿಲು ಹಾಕಿಕೊಂಡು ಒಬ್ಬರೇ ಅರ್ಪಿಸಿದರೂ ಬಲಿಪೂಜೆ (ನಾವು ಪೂಜೆ ಅನ್ನುವುದು ಇದನ್ನೇ) ಪೂರ್ತಿ ಬಲಿಪೂಜೆಯೇ. ಯಾರ ಪರವಾಗಿ ಮಾಡಿದರೋ ಅವರಿಗೆ ಸಲ್ಲುತ್ತದೆ. ನಮ್ಮ ಫಾದರ್ ಒಂದು ದಿನವೂ ತಪ್ಪಿಸಲಿಲ್ಲ. ಬರಲಾಗದವರಿಗೆ ಪಾಪವೂ ಇಲ್ಲ. ನಮ್ಮ ಕ್ಯಾಥೋಲಿಕ್ ಧರ್ಮಸಭೆಯ ಕಾನೂನಿನಲ್ಲಿ 1248ನೇ ವಿಧಿ ಅಂತ ಒಂದಿದೆ. ಗುರುಗಳಿಲ್ಲದೆಯೋ ಬೇರೆ ದೊಡ್ಡ ಕಾರಣಕ್ಕೋ ಪೂಜೆಗೆ ಹೋಗಲು ಆಗದಿದ್ದರೆ ಮನೆಯವರು, ಇಲ್ಲವೇ ಒಂದಷ್ಟು ಮನೆಗಳವರು ಸೇರಿ ಪ್ರಾರ್ಥನೆ ಮಾಡಿ ಅನ್ನುತ್ತದೆ ಅದು. 2020ರ ಮಾರ್ಚ್ 27ರ ರಾತ್ರಿ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ವ್ಯಾಟಿಕನ್ನಿನ ಖಾಲಿ ಚೌಕದಲ್ಲಿ ನಿಂತು ಆಶೀರ್ವಾದ ಕೊಟ್ಟಿದ್ದನ್ನು ನೀನೂ ಟಿವಿಯಲ್ಲಿ ನೋಡಿದ್ದೆ, ಫೋನ್ ಮಾಡಿದ್ದೆ. ಎದುರಿಗೆ ಒಬ್ಬರೂ ಇರಲಿಲ್ಲ. ಆದರೂ ಆಶೀರ್ವಾದ ಆಶೀರ್ವಾದವೇ.

ಹಾಗಿದ್ದರೆ ಹೋದದ್ದೇನು?

ಮೊಬೈಲ್ ಪೂಜೆಯ ಕಥೆ ಮೊದಲು ಕೇಳು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಒಂಬತ್ತನೇ ತಾರೀಕು ಅಲ್ಲಿಗೇ ಕುರ್ಚಿ ಹಾಕಿದೆವು. ಅಮ್ಮ ಭಾನುವಾರದ ಸೀರೆ ಉಟ್ಟು ತಲೆ ಮೇಲೆ ಸೆರಗು ಹೊದ್ದು ಕೂತರು. ಅಪ್ಪ ಸ್ವೆಟರಿನ ಮೇಲೆ ಕಂಬಳಿ ಹೊದ್ದು ಲೋಟ ಹಿಡಿದು ಬಂದರು. "ಪೂಜೆ ಹೊತ್ತಲ್ಲಿ ಕಾಫಿಯಾ?" ಅಂತ ಅಮ್ಮ ರೇಗಿದರು. ಅಪ್ಪನ ಉತ್ತರ ಕೇಳು: "ಪರಮಪ್ರಸಾದ ತಗೊಳ್ಳೋಕೆ ಒಂದು ಗಂಟೆ ಮುಂಚೆ ಏನೂ ತಿನ್ನಬಾರದು ಅಂತ ನಿಯಮ. ಇವತ್ತು ಪ್ರಸಾದವೇ ಇಲ್ಲ, ಇನ್ನು ನಿಯಮ ಯಾವುದಕ್ಕೆ?" ಅಮ್ಮನಿಗೆ ಬಾಯಿ ಕಟ್ಟಿತು. ಫಾದರ್ ಪ್ರಸಾದದ ರೊಟ್ಟಿಯನ್ನು ಮೇಲೆತ್ತುವ ಗಳಿಗೆಯಲ್ಲಿ ಸರಿಯಾಗಿ ಬನಿಯನ್ ಜಾಹೀರಾತು ಬಂತು. ಅಮ್ಮ ಕಣ್ಣು ಮುಚ್ಚಿಕೊಂಡೇ ಇದ್ದದ್ದರಿಂದ ಬಚಾವ್. ನನಗೆ ನಗು ತಡೆಯಲಾಗಲಿಲ್ಲ.

ಇದನ್ನೆಲ್ಲ ಸಹಿಸಿಕೊಳ್ಳಬಹುದು. ನಿಜವಾಗಿ ಹೋದದ್ದು ಪೂಜೆ ಮುಗಿದ ಮೇಲಿನ ಒಂದು ಗಂಟೆ. ಬೆಂಗಳೂರಿನವನಾದ ಮೇಲೆ ನಿನಗೆ ಇದು ಮರೆತಿರಬಹುದು. ತೋಟದ ಸೀಮೆಯಲ್ಲಿ ಊರು ಅಂತ ಇರುವುದಿಲ್ಲ ಅಲ್ವಾ? ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಆರು ದಿನ ಯಾರ ಮುಖವೂ ಕಾಣುವುದಿಲ್ಲ. ಏಳನೇ ದಿನ ಚರ್ಚಿನ ಅಂಗಳದಲ್ಲಿ ನಾವು ಒಂದು ಊರಾಗುತ್ತೇವೆ. ಯಾರಿಗೆ ಹೆರಿಗೆ ಹತ್ತಿರ, ಯಾರ ಮಗಳಿಗೆ ಗಂಡು ಬಂದಿದೆ, ಯಾರಿಗೆ ಮೆಣಸು ಕೊಯ್ಯಲು ಆಳು ಬೇಕು, ಯಾರ ಕೆಮ್ಮು ಜಾಸ್ತಿಯಾಗಿದೆ, ಎಲ್ಲಾ ತಿಳಿಯುವುದು ಅಲ್ಲೇ. ಕಳೆದ ವರ್ಷ ಎರಡನೇ ಅಲೆಯಲ್ಲಿ ಒಬ್ಬರು ಅಜ್ಜ ಮನೆಯಲ್ಲೇ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದರು, ಒಬ್ಬರೇ ಇದ್ದರು, ಯಾರಿಗೂ ಗೊತ್ತಾಗಲಿಲ್ಲ. ಚರ್ಚು ತೆಗೆದಿದ್ದರೆ ಆ ಭಾನುವಾರವೇ "ಅಜ್ಜ ಯಾಕೆ ಬಂದಿಲ್ಲ?" ಅಂತ ಯಾರಾದರೂ ಕೇಳಿರುತ್ತಿದ್ದರು. ಅವರು ಉಳಿಯಲಿಲ್ಲ. ಮೊಬೈಲಿನಲ್ಲಿ ಎಷ್ಟು ಜನ ನೋಡುತ್ತಿದ್ದಾರೆ ಅಂತ ಲೆಕ್ಕ ಬರುತ್ತದೆ, ಯಾರು ಬಂದಿಲ್ಲ ಅಂತ ಬರುವುದಿಲ್ಲ.

ಆ ಅಂಗಳಕ್ಕೆ ಈಗ ಹೊಸ ಜನ ಸೇರಿದ್ದಾರೆ, ನೀನು ನೋಡಿಲ್ಲ. ಕುಯ್ಲಿಗೆ ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದವರು. ಅವರಲ್ಲಿ ಬಹಳ ಮಂದಿ ನಮ್ಮವರೇ, ಕ್ಯಾಥೋಲಿಕರು. ಪೂಜೆಯ ಕನ್ನಡ ಅವರಿಗೆ ಅರ್ಥವಾಗುವುದಿಲ್ಲ. ಆದರೆ ಎಲ್ಲಿ ಎದ್ದು ನಿಲ್ಲಬೇಕು, ಎಲ್ಲಿ ಮಂಡಿಯೂರಬೇಕು ಅಂತ ನಮಗಿಂತ ಚೆನ್ನಾಗಿ ಗೊತ್ತು. ಲೈನ್ ಮನೆಯಿಂದ (ತೋಟದ ಕೂಲಿಯವರ ಸಾಲುಮನೆ) ಹೊರಗೆ ಬರಲು ಅವರಿಗಿರುವ ನೆಪ ಅದೊಂದೇ. ಭಾನುವಾರ ಬಂತೆಂದರೆ ಹುಡುಗಿಯರು ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು, ಪೂಜೆ ಮುಗಿಸಿ, ಅಂಗಡಿಗೆ ಹೋಗಿ, ಊರಿಗೆ ಫೋನ್ ಮಾಡಿ ಬರುತ್ತಿದ್ದರು.

ಕರ್ಫ್ಯೂ ಬಂದಾಗ ತೋಟದೊಳಗಿನ ಕೆಲಸಕ್ಕೆ ಅಡ್ಡಿಯಿರಲಿಲ್ಲ. ನವೆಂಬರಿನ ಅಕಾಲದ ಮಳೆಗೆ ಹಣ್ಣು ಒಡೆದು ಉದುರಿ ನಷ್ಟವಾಗಿತ್ತು, ಉಳಿದದ್ದನ್ನು ಬೇಗ ಕುಯ್ಯುವ ಅವಸರ. "ಹೇಗೂ ಚರ್ಚಿಲ್ಲವಲ್ಲ, ಭಾನುವಾರವೂ ಕೆಲಸಕ್ಕೆ ಬರಲಿ, ಕೂಲಿ ಜಾಸ್ತಿ ಕೊಡೋಣ" ಅಂತ ಮಾತು ಬಂತು. ತೋಟದ ಲೆಕ್ಕ ಬರೆಯುವ ರೈಟರ್ ಆದ ನಾನೇ ಹಾಜರಿ ಪುಸ್ತಕದಲ್ಲಿ ಭಾನುವಾರ ಅಂತ ಬರೆದು ಹೆಸರು ಕೂಗಿದೆ. ದುಡ್ಡು ಬಂದರೆ ಒಳ್ಳೆಯದೇ ಅಂತ ಅವರು ಹೇಳಿದರು, ಖುಷಿಯಾಗಿಯೇ ಬಂದರು. ಆದರೂ ಹೇಳುತ್ತೇನೆ, ಸರ್ಕಾರ ಭಾನುವಾರಕ್ಕೆ ಬೀಗ ಹಾಕಿತು, ತೋಟ ಆ ಸಂದಿಯಲ್ಲಿ ಅದನ್ನು ಸೋಮವಾರ ಮಾಡಿಬಿಟ್ಟಿತು. ವಾರಕ್ಕೊಂದು ದಿನ ಯಾರೂ ಮುಟ್ಟಬಾರದು ಅಂತ ಹಿಂದಿನವರು ಯಾಕೆ ಹಟ ಹಿಡಿದಿದ್ದರು ಅಂತ ಆಗ ಗೊತ್ತಾಯಿತು.

ಹದಿನಾರನೇ ತಾರೀಕು ಸಂಜೆ ಆ ಹುಡುಗಿಯರೇ ಬಂದು ಕೇಳಿದರು, ಕಣದಲ್ಲಿ ಜಪಸರ (ರೋಸರಿ) ಹೇಳಬಹುದಾ ಅಂತ. ತೋಟದ ಒಳಗೇ ಆದ್ದರಿಂದ ರಸ್ತೆಗೆ ಇಳಿಯಬೇಕಿಲ್ಲ, ಪೊಲೀಸರ ಭಯವಿಲ್ಲ. ಬಯಲಾದ್ದರಿಂದ ಸೋಂಕಿನ ಭಯವೂ ಕಡಿಮೆ. ಒಣಗಲು ಹರವಿದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿ ಜಾಗ ಬಿಡಿಸಿದೆವು. ಲೈನಿನ ಜನ, ನಮ್ಮ ಮನೆಯವರು, ತಮಿಳು ಮಾತಾಡುವ ಹಳೇ ಮೇಸ್ತ್ರಿ, ಎಲ್ಲರೂ ದೂರ ದೂರ ಕೂತೆವು. ಜಪಸರದಲ್ಲಿ ಒಂದೊಂದು ಮಣಿಗೂ ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧ ಎಲ್ಲರೂ ಹೇಳಬೇಕು. ಹುಡುಗಿಯೊಬ್ಬಳು "ಪ್ರಣಾಮ್ ಮರಿಯಾ" ಅಂತ ಶುರು ಮಾಡಿದಳು. ನಾವು ಕನ್ನಡದಲ್ಲಿ ಮುಗಿಸಿದೆವು. ಅಮ್ಮ "ನಮಾನ್ ಮರಿಯೆ" ಅಂತ ಕೊಂಕಣಿಯಲ್ಲಿ ಎತ್ತಿದರು, ಮೇಸ್ತ್ರಿ ತಮಿಳಿನಲ್ಲಿ ಇಳಿಸಿದರು. ಅರ್ಧ ದಾರಿಯಲ್ಲಿ ಯಾರು ಯಾವ ಭಾಷೆ ಅಂತ ಲೆಕ್ಕ ತಪ್ಪಿತು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಮಕ್ಕಳು ಟಾರ್ಪಾಲಿನೊಳಗೆ ನುಗ್ಗಿ ಬೈಸಿಕೊಂಡವು.

ಆ ಭಾನುವಾರದ ಶುಭಸಂದೇಶ ಕಾನಾ ಊರಿನ ಮದುವೆಯದ್ದು. ದ್ರಾಕ್ಷಾರಸ ಮುಗಿದುಹೋಯಿತು, ಯೇಸು ಆರು ಕಲ್ಲಿನ ಬಾನಿಗಳ ನೀರನ್ನು ರಸ ಮಾಡಿದರು ಅನ್ನುವ ಕಥೆ, ಶಾಲೆಯಲ್ಲಿ ನೀನೂ ಕೇಳಿದ್ದೀಯ. ನಾನು ಮೊಬೈಲ್ ಬೆಳಕಿನಲ್ಲಿ ಕನ್ನಡದಲ್ಲಿ ಓದಿದೆ, ಹುಡುಗಿಯೊಬ್ಬಳು ಹಿಂದಿಯಲ್ಲಿ ಹೇಳಿದಳು. ಮೇಸ್ತ್ರಿ ಸುಮ್ನೆ ಇರಬೇಕಲ್ಲ? "ಅಲ್ಲಿ ಮದುವೆಗೆ ಎಷ್ಟು ಜನಕ್ಕೆ ಪರ್ಮಿಷನ್ ಇತ್ತಂತೆ ರೈಟರೇ?" ಅಂದರು. ಇಲ್ಲಿ ಈಗ ಛತ್ರದೊಳಗೆ 100, ಬಯಲಿನಲ್ಲಿ 200 ಅಲ್ಲವಾ, ಅದಕ್ಕೆ. ಒಂದೊಂದು ಬಾನಿಯಲ್ಲಿ 80ರಿಂದ 120 ಲೀಟರು ಹಿಡಿಯುತ್ತಿತ್ತು ಅಂತ ಫಾದರ್ ಯಾವಾಗಲೋ ಹೇಳಿದ್ದರು. 100 ಜನಕ್ಕೆ ಅಷ್ಟು ಬೇಕಾಗಲಿಲ್ಲ ಬಿಡು. ಮದುವೆಗೆ 100, ಚರ್ಚಿಗೆ 50 ಅನ್ನುವ ಲೆಕ್ಕ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಅವರ ಕಾಲದಲ್ಲಿ ಇಲ್ಲಿ ಹತ್ತಿರ ಚರ್ಚಿರಲಿಲ್ಲ. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಕೆಳಗಿನ ಸೀಮೆ) ಮೈಸೂರಿನಿಂದ ಬೇರೆಯಾದದ್ದೇ 1963ರಲ್ಲಿ. ಗುರುಗಳು ಯಾವಾಗಲೋ ಒಮ್ಮೆ ತೋಟಕ್ಕೆ ಬಂದರೆ ಅವತ್ತೇ ಪೂಜೆ, ಅವತ್ತೇ ಪಾಪನಿವೇದನೆ, ಅವತ್ತೇ ಮಕ್ಕಳ ಜ್ಞಾನಸ್ನಾನ. ಉಳಿದ ಭಾನುವಾರ ಯಾರದೋ ಜಗಲಿಯಲ್ಲಿ ಜಪಸರ. ಅಂದರೆ ನಮ್ಮ ಕರ್ಫ್ಯೂ ಭಾನುವಾರ ಅವರಿಗೆ ಮಾಮೂಲಿ ಭಾನುವಾರ.

ಹಾಸನದ ಶೆಟ್ಟಿಹಳ್ಳಿಗೆ ನಾವಿಬ್ಬರೂ ಹೋಗಿದ್ದೆವಲ್ಲ, ನೀನು ಫೋಟೊ ತೆಗೆದು ತೆಗೆದು ಬ್ಯಾಟರಿ ಮುಗಿಸಿದ್ದೆ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಮುಳುಗುತ್ತದೆ, ನೀರು ಇಳಿದಾಗ ಮತ್ತೆ ಮೇಲೇಳುತ್ತದೆ. ಅಲ್ಲಿಗೆ ಬರುವವರೆಲ್ಲ ಗೋಡೆ ನೋಡಿ ಅಯ್ಯೋ ಅನ್ನುತ್ತಾರೆ. ಆ ಊರಿನ ಜನ ಏನಾದರು ಅಂತ ಕೇಳುವವರು ಕಡಿಮೆ. ಅವರು ಬೇರೆ ಕಡೆ ಮನೆ ಕಟ್ಟಿಕೊಂಡು ಅಲ್ಲೇ ಪೂಜೆ ಮುಂದುವರಿಸಿದರು. ಒಟ್ಟಿಗೆ ಎದ್ದು ಹೋದದ್ದರಿಂದ ಗೋಡೆ ಮುಳುಗಿದರೂ ಅವರ ಭಾನುವಾರ ಮುಳುಗಲಿಲ್ಲ. ನಮ್ಮದು ತಿರುಗುಮುರುಗು. ಗೋಡೆ, ಗಂಟೆ, ಫಾದರ್ ಎಲ್ಲಾ ಇದ್ದ ಹಾಗೇ ಇದ್ದರು, ನಾವು ಚದುರಿದೆವು.

ಹಾಗಂತ ಕಣದ ಜಪಸರವೇ ಸಾಕು ಅಂತ ತಿಳಿಯಬೇಡ. ಒಂದು ಸಂಜೆಗೆ ಚೆನ್ನ. ನನಗೆ ಚರ್ಚೇ ಬೇಕು, ಬೆಂಚು ಬೇಕು, ಹಾರ್ಮೋನಿಯಂ ಶ್ರುತಿ ತಪ್ಪಬೇಕು, ಹಿಂದೆ ಯಾರಾದರೂ ಕೆಮ್ಮಬೇಕು (ಈಗ ಕೆಮ್ಮಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ಅದು ಬೇರೆ).

ಇನ್ನೊಂದು ತಮಾಷೆ ಹೇಳುತ್ತೇನೆ. ಜನವರಿ 20 ಸಂತ ಸೆಬಾಸ್ಟಿಯನ್ ಹಬ್ಬ. ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕಾಲದಲ್ಲಿ ಬಾಣ ಹೊಡೆಸಿಕೊಂಡ ಸಿಪಾಯಿ. ಪ್ಲೇಗು ಬಂದಾಗಲೆಲ್ಲ ಜನ ಮೊರೆ ಹೋದದ್ದು ಇವರಿಗೇ. ಈ ವರ್ಷ ಹಬ್ಬ ಗುರುವಾರ ಬಿತ್ತು, ಕರ್ಫ್ಯೂ ಇಲ್ಲದ ದಿನ. ಐವತ್ತೈವತ್ತು ಜನರಂತೆ ಪೂಜೆ ಆಯಿತು, ತೇರು ಮೆರವಣಿಗೆ ಏನೂ ಇಲ್ಲ. ಮರುದಿನವೇ, 21ಕ್ಕೆ, ಸರ್ಕಾರ ವಾರಾಂತ್ಯದ ಕರ್ಫ್ಯೂ ವಾಪಸ್ ತೆಗೆದುಕೊಂಡಿತು! ಆಸ್ಪತ್ರೆಗೆ ಸೇರುವವರು ಕಡಿಮೆ ಅನ್ನುವುದು ಸರ್ಕಾರದ ಕಾರಣ. ಅಮ್ಮ ಕೇಳಬೇಕಲ್ಲ. "2020ರ ಡಿಸೆಂಬರ್ 8ರಿಂದ ಒಂದು ವರ್ಷ ಪೂರ್ತಿ ಪೋಪ್ ಸಂತ ಜೋಸೆಫರಿಗೆ ಕೊಟ್ಟರು, ಆ ವರ್ಷವೇ ಎರಡನೇ ಅಲೆ ಬಂತು. ಸೆಬಾಸ್ಟಿಯನ್‌ಗೆ ಒಂದೇ ದಿನ ಕೊಟ್ಟಿದ್ದು, ಕೆಲಸ ಮುಗಿಸಿದರು" ಅನ್ನುತ್ತಾರೆ. ಜೋಸೆಫರು ಪಾಪ, ಬೈಬಲ್ಲಿನಲ್ಲೇ ಒಂದು ಮಾತೂ ಆಡದವರು, ಈಗೇನು ಹೇಳಿಯಾರು?

ಮೊನ್ನೆ 23ಕ್ಕೆ ಭಾನುವಾರ ವಾಪಸ್ ಬಂತು. 50ರ ಮಿತಿ ಇನ್ನೂ ಇದೆ, ಹಾಗಾಗಿ ವಾರ್ಡಿನ ಪ್ರಕಾರ ಬೆಳಗ್ಗೆಯಿಂದ ಒಂದರ ಹಿಂದೆ ಒಂದು ಪೂಜೆ. ಫಾದರ್ ಕೊನೆಯ ಪೂಜೆಗೆ ಬರುವಾಗ ಅವರ ಗಂಟಲು ಹೋಗಿತ್ತು. ಬಾಗಿಲ ಹತ್ತಿರದ ಪವಿತ್ರ ಜಲದ ಬಟ್ಟಲು ಒಣಗಿದೆ, ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ. ಪ್ರಸಾದ ನಾಲಿಗೆಯ ಮೇಲೆ ಕೊಡುವುದಿಲ್ಲ, ಕೈಗೇ. ಅಮ್ಮನ ವಯಸ್ಸಿನವರಿಗೆ ಅದು ಇನ್ನೂ ಕಸಿವಿಸಿ. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಹೇಳುವಾಗ ಮಾತ್ರ ನಾವು ಏನೂ ಬದಲಾಯಿಸಬೇಕಾಗಲಿಲ್ಲ. ಯೂರೋಪಿನಲ್ಲಿ ಕೈ ಕುಲುಕುವುದನ್ನು ನಿಲ್ಲಿಸಿದರಂತೆ, ನಮ್ಮಲ್ಲಿ 1969ರಿಂದಲೇ ಕೈಮುಗಿಯುವ ಪದ್ಧತಿ. ಅಂಗಳದಲ್ಲಿ ಗುಂಪು ನಿಲ್ಲಬಾರದು ಅಂತ ಮೈಕಿನಲ್ಲಿ ಹೇಳಿದರು. ಯಾರೂ ಕೇಳಲಿಲ್ಲ. ಗೇಟಿನ ಆಚೆ ಹೋಗಿ ರಸ್ತೆ ಬದಿ ನಿಂತುಕೊಂಡೆವು. ಬರಬೇಕಾದ ಕೆಲವು ಮುದುಕರು ಬಂದಿರಲಿಲ್ಲ, ಯಾರ್ಯಾರು ಅಂತ ಅಲ್ಲೇ ಪಟ್ಟಿಯಾಯಿತು, ಮಧ್ಯಾಹ್ನ ಇಬ್ಬರು ಹುಡುಗರು ಬೈಕಿನಲ್ಲಿ ಹೋಗಿ ನೋಡಿ ಬಂದರು.

ವಿಭೂತಿ ಬುಧವಾರ ಮಾರ್ಚ್ 2ಕ್ಕೆ, ಪಾಸ್ಕ ಏಪ್ರಿಲ್ 17ಕ್ಕೆ. ಪಾಸ್ಕಕ್ಕೆ ಬಾ. ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿದ್ದರೆ ಅಪ್ಪನ ಮೂಡೂ ಸರಿಯಿರುತ್ತದೆ. ಬರುವಾಗ ಮೊಬೈಲ್ ನಿಲ್ಲಿಸುವ ಒಂದು ಸ್ಟ್ಯಾಂಡ್ ತಗೊಂಡು ಬಾ, ಗಟ್ಟಿಮುಟ್ಟಾದದ್ದು. ಹಾಸಿಗೆ ಹಿಡಿದ ನಮ್ಮ ಅತ್ತೆಗೆ ಭಾನುವಾರದ ಪೂಜೆ ತೋರಿಸಬೇಕು, ಅವರಿಗೆ ಅದು ಬಿಟ್ಟರೆ ಬೇರೆ ದಾರಿಯಿಲ್ಲ. ದುಡ್ಡು ಎಷ್ಟಾಯಿತು ಅಂತ ಹೇಳು, ಕಾಫಿ ಪುಡಿಯಲ್ಲಿ ತೀರಿಸುತ್ತೇನೆ.

ಇಂತಿ ನಿನ್ನ,
ರೈಟರ್