ಹಳದಿ ಪಟ್ಟಿ ಕಂಡರೆ ಕೈ ತಡೆ

ಪ್ರೀತಿಯ ಪುಟ್ಟಿ,

ಕೋರಮಂಗಲದ ಆಫೀಸಿನಲ್ಲಿ ದಿನಾ ಬಂದ ಬಯೋಡೇಟಾ ತೆರೆದು ನೋಡುವುದೇ ನಿನ್ನ ಕೆಲಸ ಅಂದೆಯಲ್ಲ, ಆವತ್ತಿಂದ ಇದನ್ನು ಬರೆಯಬೇಕು ಅಂತಿದ್ದೆ. ಗೊತ್ತಿಲ್ಲದವರ ಫೈಲ್ ತೆರೆಯಬೇಡ ಅಂತ ಎಲ್ಲರೂ ಹೇಳುತ್ತಾರೆ. ನಿನಗೆ ಆ ಬುದ್ಧಿಮಾತು ಉಪಯೋಗವಿಲ್ಲ. ಗೊತ್ತಿಲ್ಲದವರ ಫೈಲ್ ತೆರೆಯುವುದಕ್ಕೇ ಸಂಬಳ ಕೊಡುತ್ತಾರೆ ಅಲ್ವಾ!

ವರ್ಡ್, ಎಕ್ಸೆಲ್ ಫೈಲಿನೊಳಗೆ ಮ್ಯಾಕ್ರೋ ಅನ್ನುವ ಪುಟ್ಟ ಪ್ರೋಗ್ರಾಂ ಇಡಬಹುದು. ಲೆಕ್ಕ ಬರೆಯುವವರು ಒಂದೇ ಕೆಲಸ ಪದೇ ಪದೇ ಮಾಡುವುದು ತಪ್ಪಲಿ ಅಂತ ಇಟ್ಟುಕೊಳ್ಳುತ್ತಾರೆ. ಕಳ್ಳರು ಅದೇ ಮ್ಯಾಕ್ರೋದಿಂದ ಪವರ್‌ಶೆಲ್ (ಕಂಪ್ಯೂಟರ್‌ಗೆ ಆಜ್ಞೆ ಕೊಡುವ ವಿಂಡೋಸ್‌ನದೇ ಪ್ರೋಗ್ರಾಂ) ಓಡಿಸಿ, ಇಂಟರ್ನೆಟ್ಟಿನಿಂದ ವೈರಸ್ ಇಳಿಸುತ್ತಾರೆ. ನಿನ್ನ ಪರದೆ ಮೇಲೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ.

ಆದರೆ ಮ್ಯಾಕ್ರೋ ಸಾಮಾನ್ಯವಾಗಿ ತಾನಾಗೇ ಓಡುವುದಿಲ್ಲ. ವರ್ಡ್ ಮೇಲ್ಗಡೆ ಹಳದಿ ಪಟ್ಟಿ ತೋರಿಸುತ್ತದೆ, 'ಎನೇಬಲ್ ಕಂಟೆಂಟ್' ನೀನೇ ಒತ್ತಬೇಕು. ನಿನ್ನ ಕೈಲಿ ಅದನ್ನು ಒತ್ತಿಸುವುದಕ್ಕೇ ಇಷ್ಟೆಲ್ಲ ನಾಟಕ. ಪುಟದ ಮಧ್ಯೆ ಮೈಕ್ರೋಸಾಫ್ಟ್ ಲೋಗೋ ಅಂಟಿಸಿ, 'ಇದು ಹಳೇ ವರ್ಷನ್ನಿನ ಫೈಲ್, ಓದಲು ಎನೇಬಲ್ ಒತ್ತಿ' ಅಂತ ಬರೆದಿರುತ್ತಾರೆ. ಪುಟ್ಟಿ, ಇಲ್ಲಿ ಸರಿಯಾಗಿ ಗಮನ ಕೊಡು. ಪಟ್ಟಿ ವರ್ಡಿನದು. ಪುಟದೊಳಗಿರುವ ಒಂದೊಂದು ಅಕ್ಷರವೂ, ಆ ಲೋಗೋ ಕೂಡ, ಫೈಲ್ ಕಳಿಸಿದವನದು. ಬಯೋಡೇಟಾಗೆ ಮ್ಯಾಕ್ರೋ ಯಾಕೆ ಬೇಕು ಹೇಳು?

ಗುರುತಿನವರ ಹೆಸರು ನೋಡಿಯೂ ನಂಬಬೇಡ. 1999ರಲ್ಲೇ ಮೆಲಿಸ್ಸಾ ಅನ್ನುವ ವೈರಸ್ ಔಟ್‌ಲುಕ್ ಅನ್ನುವ ಮೇಲ್ ಪ್ರೋಗ್ರಾಂನ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳಿಸಿಕೊಳ್ಳುತ್ತಿತ್ತು. ಆಮೇಲೆ ಬಂದ ಎಮೋಟೆಟ್ ಇನ್ನೂ ಕಿಲಾಡಿ, ಕದ್ದ ಹಳೇ ಮೇಲ್‌ಗೇ ಉತ್ತರ ಬಂದ ಹಾಗೆ ಬರುತ್ತಿತ್ತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಜಾಲ ಕಿತ್ತುಹಾಕಿದರು. ನವೆಂಬರ್‌ಗೆ ಮತ್ತೆ ಬಂತು!

2022ರಿಂದ ಇಂಟರ್ನೆಟ್ಟಿನ ಫೈಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನೇ ತಡೆಯುತ್ತಿದೆ, 'ಎನೇಬಲ್' ಬಟನ್ನೇ ಇಲ್ಲದ ಕೆಂಪು ಪಟ್ಟಿ ಬರುತ್ತದೆ. ಕಳ್ಳರು ಆಗ ಐಎಸ್‌ಒ (ಇಡೀ ಡಿಸ್ಕಿನ ನಕಲು), ಒನ್‌ನೋಟ್ (ಟಿಪ್ಪಣಿ ಬರೆಯುವ ಪ್ರೋಗ್ರಾಂ) ಫೈಲುಗಳ ಕಡೆ ತಿರುಗಿದರು. ಅದೇ ವರ್ಷ ವಿಂಡೋಸ್‌ನಲ್ಲಿ ಫೋಲಿನಾ ಅನ್ನುವ ದೋಷ ಸಿಕ್ಕಿತು, ವರ್ಡ್ ಫೈಲಿನಿಂದಲೇ ಅದನ್ನು ಬಳಸಬಹುದಿತ್ತು, ಅದಕ್ಕೆ ಮ್ಯಾಕ್ರೋನೇ ಬೇಕಿರಲಿಲ್ಲ. ಅದಕ್ಕೇ ಅಪ್‌ಡೇಟ್ ಬಂದರೆ ನಾಳೆ ಮಾಡೋಣ ಅನ್ನಬೇಡ. ಅನುಮಾನ ಬಂದ ಫೈಲನ್ನು ಐಟಿಯವರಿಗೆ ತೋರಿಸು.

ಅಕಸ್ಮಾತ್ ಒತ್ತಿಬಿಟ್ಟರೆ? ಮೊದಲು ವೈಫೈ ಆಫ್ ಮಾಡು, ಕೇಬಲ್ ಇದ್ದರೆ ಕೀಳು, ತಕ್ಷಣ ಐಟಿಯವರಿಗೆ ಫೋನ್ ಮಾಡು. ಬೈತಾರೇನೋ ಅಂತ ಸುಮ್ನೆ ಕೂತರೆ ಅಷ್ಟರಲ್ಲಿ ಪಕ್ಕದ ಕಂಪ್ಯೂಟರ್‌ಗಳಿಗೂ ಹರಡಬಹುದು. ಅವರ ನಂಬರ್ ಇವತ್ತೇ ಸೇವ್ ಮಾಡಿಕೋ.

ಇಂತಿ,
ಅಪ್ಪ